ಇತರರ ಪ್ರೋತ್ಸಾಹದಿಂದ ವಿದ್ಯಾರ್ಥಿಯ ಆತ್ಮವಿಶ್ವಾಸ ನಿಜಕ್ಕೂ ಹೆಚ್ಚುತ್ತದೆಯೇ?

ಹೆಚ್ಚುತ್ತದೆ, ಆದರೆ ಬರೀ ಹೊಗಳಿಕೆಯಿಂದಲ್ಲ. ‘ಈ ಕೆಲಸ ನನ್ನಿಂದಾಗುತ್ತದೆ’ ಎಂಬ ನಂಬಿಕೆಗೆ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ 1977ರಲ್ಲಿ ನಾಲ್ಕು ಮೂಲಗಳನ್ನು ಗುರುತಿಸಿದರು: ಸ್ವತಃ ಗೆದ್ದ ಅನುಭವ, ತನ್ನಂಥವರು ಗೆದ್ದದ್ದನ್ನು ಕಂಡದ್ದು, ಇತರರ ಮಾತು, ದೇಹ ಮತ್ತು ಮನಸ್ಸಿನ ಸ್ಥಿತಿ. ಇವುಗಳಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದು ಮೊದಲನೆಯದು. ಕೈಚೆಲ್ಲಿ ಕುಳಿತ ಮಗುವನ್ನು ಇನ್ನೊಂದು ಪ್ರಯತ್ನಕ್ಕೆ ಅಣಿಗೊಳಿಸುವುದು ಮಾತಿನ ಕೆಲಸ. ಆ ಪ್ರಯತ್ನ ಫಲಿಸಿದಾಗಲೇ ನಂಬಿಕೆ ಬೇರೂರುತ್ತದೆ.

ಏನು ಹೇಳುತ್ತೇವೆ ಎಂಬುದೂ ಬಹಳ ಮುಖ್ಯ. 1998ರಲ್ಲಿ ಪ್ರಕಟವಾದ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ ಅವರ ಅಧ್ಯಯನದಲ್ಲಿ, ‘ನೀನು ಬುದ್ಧಿವಂತ’ ಎನ್ನಿಸಿಕೊಂಡ ಮಕ್ಕಳು ಒಮ್ಮೆ ಸೋತೊಡನೆ ಕುಗ್ಗಿದರು. ಶ್ರಮಕ್ಕೆ ಮೆಚ್ಚುಗೆ ಪಡೆದವರು ಪಟ್ಟು ಬಿಡಲಿಲ್ಲ. ಭಿನ್ನರಾಶಿಯ ಲೆಕ್ಕದಲ್ಲಿ ತಪ್ಪು ಮಾಡಿದ ಹುಡುಗಿಗೆ ‘ನೀನು ಜಾಣೆ, ಬಿಡು’ ಎಂದರೆ ಅವಳಿಗೆ ದಾರಿ ಕಾಣುವುದಿಲ್ಲ. ‘ಛೇದಗಳನ್ನು ಸಮ ಮಾಡುವವರೆಗೆ ಸರಿಯಾಗಿದೆ, ಕೂಡುವ ಈ ಸಾಲನ್ನಷ್ಟೇ ಮತ್ತೆ ನೋಡು’ ಎಂದು ಬೆರಳಿಟ್ಟು ತೋರಿಸಿ. ಪೆನ್ಸಿಲ್ ಮತ್ತೆ ಅವಳ ಕೈಗೆ ಬರುತ್ತದೆ.

ಇನ್ನೊಂದು ಮಾತು, ಇದನ್ನು ಪೋಷಕರು ಮತ್ತು ಶಿಕ್ಷಕರು ದಯವಿಟ್ಟು ಮರೆಯಬಾರದು: ಮಾತಿನಿಂದ ವಿಶ್ವಾಸ ಕಟ್ಟುವುದಕ್ಕಿಂತ ಕೆಡವುವುದು ಸುಲಭ. ‘ಗಣಿತ ನಿನ್ನ ತಲೆಗೆ ಹತ್ತುವುದಿಲ್ಲ’ ಎಂದು ಕೇಳಿಸಿಕೊಂಡ ಮಗು ಕಷ್ಟದ ಲೆಕ್ಕವನ್ನು ಮುಟ್ಟುವುದನ್ನೇ ಬಿಡುತ್ತದೆ. ಮುಟ್ಟದ ಮೇಲೆ ಗೆಲ್ಲುವ ಅವಕಾಶವೂ ಅದಕ್ಕೆ ಸಿಗುವುದಿಲ್ಲ.