ಬ್ಯಾಟರಿ ಲೇಖನ ಕಳಿಸಿದವರಿಗೆ: ಆ ಗೆರೆಗಳನ್ನು ಓದುಗರಿಗೆ ತೋರಿಸಿ

ನಮಸ್ಕಾರ.

ನೀವು ಕಳಿಸಿದ ‘ಬ್ಯಾಟರಿಯ ಜಾತಕ ಬರೆಯುವ ಯಂತ್ರ’ ಲೇಖನವನ್ನು ಪೂರ್ತಿ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ದಯವಿಟ್ಟು ವಿಷಯವನ್ನು ಬಿಡಬೇಡಿ. ಮೊದಲ ಕೆಲವು ಸುತ್ತಿನ (ಒಂದು ಸಲ ಚಾರ್ಜ್ ಮಾಡಿ ಖಾಲಿ ಮಾಡಿದರೆ ಒಂದು ಸುತ್ತು) ಪರೀಕ್ಷೆ ನೋಡಿ ಬ್ಯಾಟರಿ ಎಷ್ಟು ಕಾಲ ಬಾಳುತ್ತದೆ ಎಂದು, ಡೇಟಾದಿಂದ ಲೆಕ್ಕ ಕಲಿಯುವ ಮಷಿನ್ ಲರ್ನಿಂಗ್‌ನಿಂದ ಅಂದಾಜು ಮಾಡುವ ಕೆಲಸದ ಬಗ್ಗೆ ಕನ್ನಡದಲ್ಲಿ ಒಂದು ಒಳ್ಳೆಯ ಲೇಖನ ಬೇಕೇ ಬೇಕು. ನೀವು ಅದನ್ನು ಬರೆಯಬಲ್ಲಿರಿ ಅಂತ ನನಗೆ ನಂಬಿಕೆ ಬಂದದ್ದು ನಿಮ್ಮ ನಾಲ್ಕನೇ ಪ್ಯಾರಾದಿಂದ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲ ಪುಟವನ್ನು ತೆಗೆದುಹಾಕಿ. ಕೃತಕ ಬುದ್ಧಿಮತ್ತೆ ವೈದ್ಯಕೀಯವನ್ನು, ಕೃಷಿಯನ್ನು, ಬಾಹ್ಯಾಕಾಶವನ್ನು ಹೇಗೆ ಬದಲಾಯಿಸುತ್ತಿದೆ ಎಂದು ಓದಲು ಯಾರೂ ಈ ಲೇಖನಕ್ಕೆ ಬರುವುದಿಲ್ಲ. ಅವರಿಗೆ ಮೊದಲು ತೊಂದರೆ ಏನು ಅಂತ ಗೊತ್ತಾಗಬೇಕು. ಹೊಸ ಸೆಲ್‌ನ ಆಯಸ್ಸು ತಿಳಿಯಬೇಕಾದರೆ ಅದನ್ನು ಚಾರ್ಜ್ ಮಾಡಬೇಕು, ಖಾಲಿ ಮಾಡಬೇಕು, ಮತ್ತೆ ಚಾರ್ಜ್ ಮಾಡಬೇಕು. ಹೀಗೇ ಮಾಡುತ್ತಾ ಅದರ ಸಾಮರ್ಥ್ಯ, ಅಂದರೆ ಅದು ಹಿಡಿಯುವ ಚಾರ್ಜ್, ಮೊದಲಿನ ಶೇ. 80ಕ್ಕೆ ಇಳಿಯುವ ತನಕ ಕಾಯಬೇಕು. ಇದಕ್ಕೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಹಿಡಿಯುತ್ತದೆ. ಸೆಲ್ ಒಳ್ಳೆಯದಾದಷ್ಟೂ ಕಾಯುವುದು ಜಾಸ್ತಿ. ಎಂಜಿನಿಯರ್‌ಗಳ ಕೈ ಕಟ್ಟಿಹಾಕುವುದು ಇದೇ. ಇಲ್ಲಿಂದ ಶುರು ಮಾಡಿ.

ಈಗ ದೊಡ್ಡ ಕೊರತೆಗೆ ಬರೋಣ. ‘ಸಂಶೋಧಕರು ಡೇಟಾವನ್ನು ಯಂತ್ರಕ್ಕೆ ಕೊಟ್ಟರು, ಮಾನವ ಮೆದುಳಿನಂತೆ ಯೋಚಿಸುವ ನರಜಾಲ ಆಯಸ್ಸನ್ನು ನಿಖರವಾಗಿ ಹೇಳಿತು’ ಎಂದು ಬರೆದಿದ್ದೀರಿ. ಲೇಖನದ ಜೀವ ಇರಬೇಕಾದ ಜಾಗದಲ್ಲಿ ಈ ಒಂದೇ ವಾಕ್ಯ ಇದೆ. ಅದೂ ತಪ್ಪಾಗಿದೆ. ನೀವು ಆಧಾರವಾಗಿ ಹಿಡಿದಿರುವುದು 2019ರಲ್ಲಿ ‘ನೇಚರ್ ಎನರ್ಜಿ’ ಪತ್ರಿಕೆಯಲ್ಲಿ ಬಂದ ಅಧ್ಯಯನ. ಸ್ಟ್ಯಾನ್‌ಫರ್ಡ್, ಎಂಐಟಿ, ಟೊಯೋಟಾ ರಿಸರ್ಚ್ ಇನ್‌ಸ್ಟಿಟ್ಯೂಟ್‌ನವರು ಸೇರಿ ಮಾಡಿದ್ದು. ಅದರ ಮುಖ್ಯ ಫಲಿತಾಂಶ ನರಜಾಲದಿಂದ ಬಂದದ್ದಲ್ಲ. ಕೆಲವು ಅಳತೆಗಳಿಗೆ ತೂಕ ಕೊಟ್ಟು ಕೂಡಿಸುವ ಸರಳ ರೇಖೀಯ ಲೆಕ್ಕ ಅಷ್ಟೇ. ಜಾಣತನ ಇದ್ದದ್ದು ಯಾವ ಅಳತೆಯನ್ನು ನೋಡಬೇಕು ಎಂದು ಆರಿಸಿದ್ದರಲ್ಲಿ. ಬ್ಯಾಟರಿಯ ಒಳಹೊರಗು ಬಲ್ಲ ಜನ ಮಾಡಿದ ಆಯ್ಕೆ ಅದು. ನಿಮ್ಮ ಲೇಖನದಲ್ಲಿ ಆ ಜನರೇ ಕಾಣುವುದಿಲ್ಲ.

ಅವರು ಮಾಡಿದ್ದನ್ನು ನಿಧಾನವಾಗಿ ಹೇಳಿ. ಒಂದೇ ಜಾತಿಯ 124 ಸೆಲ್‌ಗಳು. ಒಳಗೆ ಪಾಸಿಟಿವ್ ಕಡೆ ಲಿಥಿಯಂ ಐರನ್ ಫಾಸ್ಫೇಟ್, ನೆಗೆಟಿವ್ ಕಡೆ ಗ್ರಾಫೈಟ್. ಬೇರೆ ಬೇರೆ ರೀತಿಯಲ್ಲಿ ವೇಗವಾಗಿ ಚಾರ್ಜ್ ಮಾಡಿದಾಗ ಕೆಲವು 150 ಸುತ್ತಿಗೇ ಮುಗಿದವು, ಕೆಲವು 2300ರ ತನಕ ಬಂದವು. ನಿಮ್ಮ ನಾಲ್ಕನೇ ಪ್ಯಾರಾದಲ್ಲಿ ‘ನೂರನೇ ಸುತ್ತಿನಲ್ಲಿ ಎಲ್ಲವೂ ಆರೋಗ್ಯವಾಗಿಯೇ ಕಾಣುತ್ತಿದ್ದವು’ ಎಂಬ ಸಾಲಿದೆ. ಎಷ್ಟು ಒಳ್ಳೆಯ ಸಾಲು! ನಿಜವೂ ಹೌದು. ಹೆಚ್ಚಿನ ಸೆಲ್‌ಗಳ ಸಾಮರ್ಥ್ಯ ಆಗ ಮೊದಲಿಗಿಂತ ಚೂರು ಜಾಸ್ತಿಯೇ ಆಗಿತ್ತು. ಹಾಗಾದರೆ ಬೇಗ ಸಾಯುವ ಸೆಲ್ ಯಾವುದು ಅಂತ ಗೊತ್ತಾಗುವುದು ಹೇಗೆ? ಓದುಗರು ಕೇಳುವುದು ಇದನ್ನೇ ಅಲ್ವಾ? ನೀವು ಸುಮ್ನೆ ಮುಂದಿನ ಪ್ಯಾರಾಕ್ಕೆ ಹೋಗಿಬಿಟ್ಟಿದ್ದೀರಿ.

ಉತ್ತರ ಇದ್ದದ್ದು ವೋಲ್ಟೇಜಿನಲ್ಲಿ. ಸೆಲ್ ಖಾಲಿಯಾಗುತ್ತಾ ಹೋದಂತೆ ವೋಲ್ಟೇಜ್ ಇಳಿಯುತ್ತದೆ. ಯಾವ ವೋಲ್ಟೇಜಿಗೆ ಬರುವಷ್ಟರಲ್ಲಿ ಎಷ್ಟು ಚಾರ್ಜ್ ಹೊರಬಂದಿದೆ ಎಂದು ಒಂದು ಗೆರೆ ಎಳೆಯಬಹುದು. ಹತ್ತನೇ ಸುತ್ತಿನದೊಂದು ಗೆರೆ, ನೂರನೇ ಸುತ್ತಿನದೊಂದು ಗೆರೆ. ಎರಡನೆಯದರಿಂದ ಮೊದಲನೆಯದನ್ನು ಕಳೆಯಿರಿ. ಬಹುಕಾಲ ಬಾಳುವ ಸೆಲ್ ಆದರೆ ಉಳಿಯುವ ಗೆರೆ ಹೆಚ್ಚುಕಡಿಮೆ ಸಪಾಟಾಗಿರುತ್ತದೆ. ಬೇಗ ಹೋಗುವ ಸೆಲ್ ಆದರೆ ನಡುವೆ ಕೆಳಕ್ಕೆ ಜಗ್ಗಿರುತ್ತದೆ. ಆ ಏರಿಳಿತ ಎಷ್ಟಿದೆ ಎಂದು ಹೇಳುವ ವೇರಿಯನ್ಸ್ ಎಂಬ ಒಂದೇ ಸಂಖ್ಯೆಗೂ ಸೆಲ್‌ನ ಆಯಸ್ಸಿಗೂ ಬಲವಾದ ನಂಟು ಕಂಡಿತು.

ಯಾಕೆ ಹೀಗೆ ಎಂಬುದನ್ನೂ ಬರೆಯಿರಿ. ಸಂಶೋಧಕರು ಕೊಡುವ ವಿವರಣೆ ಇದು: ಗ್ರಾಫೈಟ್ ಕಡೆಯ ವಸ್ತು ಸ್ವಲ್ಪ ಸ್ವಲ್ಪವಾಗಿ ಕೆಲಸಕ್ಕೆ ಬಾರದಂತಾಗುತ್ತದೆ. ಶುರುವಿನಲ್ಲಿ ಗ್ರಾಫೈಟ್ ಬೇಕಾದ್ದಕ್ಕಿಂತ ಹೆಚ್ಚಿರುವುದರಿಂದ ಒಟ್ಟು ಸಾಮರ್ಥ್ಯದಲ್ಲಿ ಆ ನಷ್ಟ ಕಾಣಿಸದು. ವೋಲ್ಟೇಜ್ ಗೆರೆ ಮಾತ್ರ ಜರುಗುತ್ತದೆ. ಮುಂದೊಂದು ದಿನ ಉಳಿದ ಗ್ರಾಫೈಟ್‌ನಲ್ಲಿ, ಚಾರ್ಜ್ ಆಗುವಾಗ ಬಂದು ಸೇರುವ ಲಿಥಿಯಂಗೆ ಜಾಗ ಸಾಲದೆ, ಅದು ಮೇಲ್ಮೈಯಲ್ಲೇ ಲೋಹವಾಗಿ ಕೂರಲು ಶುರುವಾಗುತ್ತದೆ. ಆಗ ಸಾಮರ್ಥ್ಯ ಸರ್ರನೆ ಇಳಿಯುತ್ತದೆ. ಇಷ್ಟು ಹೇಳಿದರೆ, ಸಾಮರ್ಥ್ಯ ಕುಗ್ಗುವ ಮೊದಲೇ ಆಯಸ್ಸು ಹೇಳುವುದು ಪವಾಡ ಅನ್ನಿಸುವುದಿಲ್ಲ. ಓದುಗರಿಗೆ ಅರ್ಥವಾದ ಸಂತೋಷ ಸಿಗುತ್ತದೆ. ನನಗೆ ಬೇಕಾಗಿರುವುದು ಅದು.

ಇನ್ನು ಲೆಕ್ಕದ ವಿಷಯ. ‘ನಿಖರವಾಗಿ’ ಎಂಬ ಮಾತನ್ನು ತೆಗೆಯಿರಿ. ನೂರು ಸುತ್ತಿನ ಡೇಟಾ ನೋಡಿ ಹೇಳಿದ ಅಂದಾಜಿನಲ್ಲಿ ಸರಾಸರಿ ತಪ್ಪು ಶೇ. 9.1. ಅಂದರೆ ಸಾವಿರ ಸುತ್ತು ಬಾಳುವ ಸೆಲ್‌ಗೆ ತೊಂಬತ್ತರಷ್ಟು ಆಚೀಚೆ. ಸಂಖ್ಯೆಯನ್ನೇ ಕೊಡಿ, ಸಾಧನೆ ಎಷ್ಟು ದೊಡ್ಡದು ಅಂತ ಓದುಗರು ತಾವೇ ತೂಗಿ ನೋಡಲಿ. ‘ಐದೇ ಸುತ್ತಿನಲ್ಲಿ ಆಯಸ್ಸು ಗೊತ್ತಾಗುತ್ತದೆ’ ಅಂದಿದ್ದೀರಿ. ಅದು ಬೇರೆಯೇ ಪ್ರಶ್ನೆ. ಐದು ಸುತ್ತಿನ ಡೇಟಾದಿಂದ ಅವರು ಮಾಡಿದ್ದು ಸೆಲ್‌ಗಳನ್ನು ಕಡಿಮೆ ಬಾಳುವವು, ಹೆಚ್ಚು ಬಾಳುವವು ಎಂದು ಎರಡು ಗುಂಪು ಮಾಡುವುದನ್ನು. ಅದರಲ್ಲಿ ತಪ್ಪು ಶೇ. 4.9.

ಈ ಲೆಕ್ಕ ‘ಯಾವುದೇ ಬ್ಯಾಟರಿಯ’ ಆಯಸ್ಸು ಹೇಳುತ್ತದೆ ಎಂಬುದೂ ಸರಿಯಲ್ಲ. ಆ ಲೆಕ್ಕ ಕಲಿತದ್ದು ಒಂದೇ ಮಾದರಿಯ ಸೆಲ್‌ನಿಂದ. ಪರೀಕ್ಷಾ ಕೋಣೆಯ ಉಷ್ಣತೆಯನ್ನು 30 ಡಿಗ್ರಿ ಸೆಲ್ಸಿಯಸ್‌ಗೆ ಹಿಡಿದು, ಪ್ರತಿ ಸಲವೂ ಒಂದೇ ಕ್ರಮದಲ್ಲಿ ಖಾಲಿ ಮಾಡಿದ ಸೆಲ್ ಅದು. ನಾವು ಫೋನನ್ನು ಅರ್ಧ ಖಾಲಿ ಮಾಡುತ್ತೇವೆ, ಬಿಸಿಲಲ್ಲಿ ಇಡುತ್ತೇವೆ, ರಾತ್ರಿಯಿಡೀ ಚಾರ್ಜಿಗೆ ಹಾಕುತ್ತೇವೆ. ಒಳಗಿನ ರಸಾಯನವೂ ಬೇರೆ. ಅಲ್ಲಿಗೆ ಇದೇ ಲೆಕ್ಕ ನೇರವಾಗಿ ಹೊಂದುತ್ತದೆ ಎಂದು ಬರೆಯುವ ಹಾಗಿಲ್ಲ.

ಜಾತಕದ ಹೋಲಿಕೆ ಬೇಡ. ಇಲ್ಲಿ ಎಷ್ಟು ತಪ್ಪಾಯಿತು ಎಂದು ಅಳೆದು ಹೇಳಿದ್ದಾರೆ, ಡೇಟಾವನ್ನೂ ಎಲ್ಲರಿಗೂ ತೆರೆದಿಟ್ಟಿದ್ದಾರೆ. ನಿಮ್ಮ ಶೀರ್ಷಿಕೆ ಆ ಶ್ರಮಕ್ಕೆ ಅನ್ಯಾಯ ಮಾಡುತ್ತದೆ.

ಕೊನೆಯ ಸಾಲಿನಲ್ಲಿ ತುರುಕಿರುವ 2020ರ ‘ನೇಚರ್’ ಅಧ್ಯಯನಕ್ಕೆ ಒಂದು ಪೂರ್ತಿ ಭಾಗ ಕೊಡಿ. ಹತ್ತು ನಿಮಿಷದ ಚಾರ್ಜಿಂಗ್‌ಗೆ 224 ವಿಧಾನಗಳಿದ್ದವು. ಈ ಬೇಗ ಅಂದಾಜು ಮಾಡುವ ಉಪಾಯವನ್ನೂ, ಮುಂದೆ ಯಾವುದನ್ನು ಪರೀಕ್ಷಿಸಬೇಕು ಎಂದು ಆರಿಸುವ ಲೆಕ್ಕವನ್ನೂ ಜೋಡಿಸಿ, 16 ದಿನದಲ್ಲಿ ಸೆಲ್ ಹೆಚ್ಚು ಬಾಳುವಂಥ ವಿಧಾನಗಳನ್ನು ಹುಡುಕಿದರು. ಅಂದಾಜಿನ ಸಹಾಯವಿಲ್ಲದೆ ಎಲ್ಲವನ್ನೂ ಪರೀಕ್ಷಿಸಿದ್ದರೆ 500 ದಿನಕ್ಕೂ ಜಾಸ್ತಿ ಬೇಕಿತ್ತು. ಇದರಿಂದ ಏನು ಉಪಯೋಗ ಎಂದು ಕೇಳುವವರಿಗೆ ಉತ್ತರ ಅಲ್ಲಿದೆ.

ತಿದ್ದಿ ಕಳಿಸಿ, ಅವಸರ ಇಲ್ಲ. ಉದ್ದ ಸ್ವಲ್ಪ ಹೆಚ್ಚಾದರೂ ಪರವಾಗಿಲ್ಲ. ಆ ಎರಡು ಗೆರೆಗಳನ್ನೂ, ಕಳೆದಾಗ ಉಳಿಯುವ ಗೆರೆಯನ್ನೂ ಒಂದು ಹಾಳೆಯಲ್ಲಿ ಕೈಯಲ್ಲೇ ಬರೆದು ಜೊತೆಗಿಡಿ. ನಮ್ಮ ಕಲಾವಿದರು ಅದನ್ನು ಅಚ್ಚಿಗೆ ಸಿದ್ಧ ಮಾಡುತ್ತಾರೆ.