‘ಮಂಗಳೂರು: ಕರಾವಳಿಯ ಮುತ್ತು’ ಕಳಿಸಿದವರಿಗೆ

ನಮಸ್ಕಾರ.

ನಿಮ್ಮ ಲೇಖನವನ್ನು ಈಗಿರುವ ಹಾಗೆ ಪ್ರಕಟಿಸಲು ಬರುವುದಿಲ್ಲ. ಬಂದರಿನ ಗೋದಾಮುಗಳ ಬಗ್ಗೆ ಬರೆದ ಎರಡು ಪ್ಯಾರಾ ಚೆನ್ನಾಗಿವೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇವೆ. ಬಂದರು ನಗರದ ಚರಿತ್ರೆ ಹೇಳುತ್ತೇನೆಂದು ಹೊರಟು ಹನ್ನೊಂದು ಪ್ರೇಕ್ಷಣೀಯ ಸ್ಥಳಗಳ ಪಟ್ಟಿ ಕೊಟ್ಟಿದ್ದೀರಿ. ಹೊಳೆಯ ಹೆಸರು ಒಂದು ಕಡೆಯೂ ಇಲ್ಲ!

ನೇತ್ರಾವತಿಯೂ ಗುರುಪುರ ಹೊಳೆಯೂ ಸೇರಿ ಕಡಲಿಗೆ ಬೀಳುವ ಅಳಿವೆಯಿಂದಲೇ ಶುರು ಮಾಡಿ. ಹೊಳೆ ತರುವ ಹೂಳು, ಅಲೆ ತಳ್ಳುವ ಮರಳು ಎರಡೂ ಅಳಿವೆ ಬಾಯಲ್ಲಿ ಕೂತು ದಿಬ್ಬವಾಗುತ್ತವೆ. ದೊಡ್ಡ ಹಡಗು ಒಳಗೆ ಬರಲಾಗದೆ ಹೊರಗಡಲಲ್ಲೇ ಲಂಗರು ಹಾಕಬೇಕಿತ್ತು. ಕಾಫಿ, ಹೆಂಚು ದೋಣಿಯಲ್ಲಿ ಅಲ್ಲಿಗೆ ಹೋಗುತ್ತಿದ್ದವು. ಮಳೆಗಾಲದಲ್ಲಿ ಅದೂ ಬಂದ್. ಪಣಂಬೂರಿನಲ್ಲಿ ಹೊಸದಾಗಿ ಬಂದರು ತೋಡಬೇಕಾಗಿ ಬಂದದ್ದು ಇದರಿಂದಲೇ. ನೀವು ಹಳೆಯದನ್ನೂ ಹೊಸದನ್ನೂ ಕಲಸಿ ‘ಟಿಪ್ಪುವಿನ ಕಾಲದ ನವಮಂಗಳೂರು ಬಂದರು’ ಎಂದು ಬರೆದಿದ್ದೀರಿ. ಅದು ಪ್ರಮುಖ ಬಂದರು ಎಂದು ಘೋಷಣೆಯಾದದ್ದೇ 1974ರಲ್ಲಿ, ಉದ್ಘಾಟನೆ 1975ರ ಜನವರಿಯಲ್ಲಿ.

ಟಿಪ್ಪು ಕಟ್ಟಿಸಿದ ಸುಲ್ತಾನ್ ಬತ್ತೇರಿಗೆ ‘ಬೃಹತ್ ಕೋಟೆ’ ಎಂಬ ಮಾತು ಹೊಡೆದುಹಾಕಿ. ಬೋಳೂರಿಗೆ ಹೋದವರಿಗೆ ಕಾಣುವುದು ಕರಿಕಲ್ಲಿನ ಕಾವಲು ಬುರುಜು, ತೋಪಿನ ಬಾಯಿಗೆ ಬಿಟ್ಟ ಗೋಡೆಯ ಕಿಂಡಿಗಳು, ಕೆಳಗೆ ಮದ್ದುಗುಂಡಿನ ನೆಲಮಾಳಿಗೆ, ಅಷ್ಟೆ. ಗುರುಪುರ ಹೊಳೆಗೆ ಶತ್ರು ಹಡಗು ನುಗ್ಗದಂತೆ ತಡೆಯುವುದು ಅದರ ಕೆಲಸ. ಕಿಂಡಿಯಲ್ಲಿ ನಿಂತವನಿಗೆ ಹೊಳೆಯ ಯಾವ ಭಾಗ ಕಾಣುತ್ತದೆ ಎಂದು ಒಂದು ಸಾಲು ಬರೆದರೆ ಆ ಕಟ್ಟಡ ಏಕಿದೆ ಎಂದು ಓದುಗನಿಗೆ ತಾನಾಗಿ ತಿಳಿಯುತ್ತದೆ. ಮಂಗಳೂರು ಒಪ್ಪಂದ ‘ಬತ್ತೇರಿಯೊಳಗೆ’ ಆಯಿತೆಂದೂ ಬರೆದಿದ್ದೀರಿ. ಎರಡಕ್ಕೂ 1784 ಎಂದು ಕಂಡು ಜೋಡಿಸಿದಂತಿದೆ. ಆ ವರ್ಷದ ಮಾರ್ಚ್ 11ರಂದು ಟಿಪ್ಪುವಿಗೂ ಈಸ್ಟ್ ಇಂಡಿಯಾ ಕಂಪನಿಗೂ ಆದ ಒಪ್ಪಂದ ಎರಡನೇ ಆಂಗ್ಲೋ-ಮೈಸೂರು ಯುದ್ಧವನ್ನು ಮುಗಿಸಿತು, ಅಷ್ಟು ಹೇಳಿದರೆ ಸಾಕು.

ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ದಿನಪತ್ರಿಕೆಯಲ್ಲ, ಪಾಕ್ಷಿಕ. 1843ರ ಜುಲೈ 1ರಂದು ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಪಾದ್ರಿ ಹರ್ಮನ್ ಮೋಗ್ಲಿಂಗ್ ಹೊರತಂದದ್ದು, ಕಲ್ಲಚ್ಚಿನಲ್ಲಿ. ಕೈಯಲ್ಲಿ ಬರೆದ ಅಕ್ಷರ ಕಲ್ಲಿನ ಮೇಲಿಂದ ಕಾಗದಕ್ಕೆ ಬರುವುದನ್ನು ವಿವರಿಸಿ, ‘ಪತ್ರಿಕೋದ್ಯಮದ ತವರು’ ಎಂಬ ಹೊಗಳಿಕೆ ಬಿಡಿ. ಹೆಂಚಿಗೂ ಇದೇ ಮಾತು: 1865ರಲ್ಲಿ ಬಾಸೆಲ್ ಮಿಷನ್ ಕಾರ್ಖಾನೆ ಇಲ್ಲೇ ಏಕೆ ಶುರುವಾಯಿತು? ಹೊಳೆ ದಡದ ಜೇಡಿಮಣ್ಣು, ಸಾಗಿಸಲು ಅದೇ ಹೊಳೆ. ಒಂದು ಹೆಂಚಿನ ಅಂಚು ಪಕ್ಕದ್ದಕ್ಕೆ ಹೇಗೆ ಸಿಕ್ಕಿಕೊಳ್ಳುತ್ತದೆ ಎಂದು ನೋಡಿ ಬರೆಯಿರಿ.

ಕದ್ರಿಯ ಲೋಕೇಶ್ವರ ಕಂಚಿನ ವಿಗ್ರಹದ ಶಾಸನದ ಕಾಲ ಕ್ರಿ.ಶ. 968, ನೀವು ಕೊಟ್ಟ ‘ಸಾವಿರಾರು ವರ್ಷ’ ತೆಗೆದು ಇದನ್ನು ಹಾಕಿ. ಸಂತ ಅಲೋಶಿಯಸ್ ಚಾಪೆಲ್‌ನ ಚಿತ್ರಗಳನ್ನು ಬರೆದ ಆಂಟೋನಿಯೊ ಮೊಸ್ಕೇನಿಯ ಹೆಸರೇ ಬಿಟ್ಟುಹೋಗಿದೆ. ಮಾಲ್‌ಗಳ ಪ್ಯಾರಾ ಪೂರ್ತಿ ತೆಗೆಯಿರಿ.

ಕ್ರಮವನ್ನು ಕಾಲಕ್ಕಿಂತ ದಾರಿಗೆ ಹೊಂದಿಸಿದರೆ ಲೇಖನ ನಿಲ್ಲುತ್ತದೆ: ಅಳಿವೆ, ಬಂದರು, ಬೋಳೂರು, ಅಲ್ಲಿಂದ ಮೇಲೆ ಚಾಪೆಲ್ ಇರುವ ಬಾವುಟಗುಡ್ಡೆ, ಕದ್ರಿ, ಕೊನೆಗೆ ಪಣಂಬೂರು. ಸಾವಿರದಿನ್ನೂರು ಪದ ದಾಟಬೇಡಿ. ಸೂರ್ಯಾಸ್ತದ ನಾಲ್ಕು ಫೋಟೊ ಬೇಡ. ಹೊಳೆಯಾಚೆಯ ಬೆಂಗ್ರೆ ದಡದಿಂದ ಹಳೆ ಬಂದರು ಕಾಣುವಂಥದ್ದು ಒಂದು ಕಳಿಸಿ.