ಬಿಸಿ ನೀರು ಕಾಡ್ ಮೀನಿಗೆ ಲಾಭವೇ?

ನಾರ್ವೆ, ರಷ್ಯಾಗಳ ಉತ್ತರಕ್ಕಿರುವ ಬ್ಯಾರೆಂಟ್ಸ್ ಸಮುದ್ರ ಬಿಸಿಯಾದರೆ ಕಾಡ್ ಮೀನು ಹೆಚ್ಚಬೇಕಲ್ಲವೇ ಎಂದು ಕೇಳಿದ್ದೀರಿ. ಕೆಲವು ಕಾಲ ಹಾಗೆಯೇ ಆಯಿತು. ಮಂಜುಗಡ್ಡೆ ಹಿಂದೆ ಸರಿದಂತೆ ಕಾಡ್ ಉತ್ತರಕ್ಕೆ ಹರಡಿತು. 2013ಕ್ಕೆ ನಾರ್ವೆ ಮತ್ತು ರಷ್ಯಾ ಸೇರಿ 10 ಲಕ್ಷ ಟನ್‌ವರೆಗೆ ಹಿಡಿಯಲು ಒಪ್ಪಿದ್ದವು. 2025ಕ್ಕೆ ಆ ಮಿತಿ 3,40,000 ಟನ್‌ಗೆ ಇಳಿಯಿತು. ತಾಪಮಾನವೊಂದನ್ನೇ ಹಿಡಿದು ಲೆಕ್ಕ ಹಾಕಿದರೆ ಈ ಇಳಿತ ಅರ್ಥವಾಗುವುದಿಲ್ಲ.

ಮರಿಗಳಿಗೆ ಹೊತ್ತಿಗೆ ಸರಿಯಾಗಿ ಆಹಾರ ಸಿಗುವುದೇ ಇಲ್ಲಿ ದೊಡ್ಡ ಮಾತು. ನಾರ್ವೆಯ ಲೊಫೊಟೆನ್ ದ್ವೀಪಗಳ ಬಳಿ ಮೊಟ್ಟೆಯೊಡೆದು ಬರುವ ಮರಿ ಕೆಲವೇ ಮಿಲಿಮೀಟರ್ ಉದ್ದ. ಹೊಟ್ಟೆಗಂಟಿದ ಹಳದಿಭಾಗ ಕರಗುವಷ್ಟರಲ್ಲಿ ಅದು ಕ್ಯಾಲನಸ್ ಎಂಬ, ಸಿಗಡಿಯ ದೂರದ ಬಂಧುವಾದ ಪುಟ್ಟ ಕಡಲ ಜೀವಿಯ ಎಳೆಯ ಮರಿಗಳನ್ನು ಬೇಟೆಯಾಡಲೇಬೇಕು. ಯಾವ ವರ್ಷದ ಪೀಳಿಗೆ ಉಳಿಯುತ್ತದೆ ಎಂಬುದು ಈ ಎಳೆಯ ಹಂತದಲ್ಲೇ ತೀರ್ಮಾನವಾಗುತ್ತದೆ ಎಂದು ನಾರ್ವೆಯ ಮೀನು ವಿಜ್ಞಾನಿ ಯೋಹಾನ್ ಯೋರ್ಟ್ 1914ರಲ್ಲೇ ವಾದಿಸಿದ್ದರು. ನನಗೆ ಇಂದಿಗೂ ಅದು ಅತ್ಯಂತ ಉಪಯುಕ್ತ ವಿಚಾರ. ನೀರು ಬಿಸಿಯಾದಾಗ ಮೊಟ್ಟೆ, ಆಹಾರ ಎರಡರ ಹೊತ್ತೂ ಬದಲಾಗುತ್ತದೆ, ಆದರೆ ಒಂದೇ ಅಳತೆಯಲ್ಲಿ ಬದಲಾಗಬೇಕೆಂದೇನೂ ಇಲ್ಲ.

ಜೊತೆಗೆ ಧ್ರುವ ಕಾಡ್ ಎಂಬ ಪುಟ್ಟ ಮೀನನ್ನೂ ಮರೆಯಬೇಡಿ. ಅದರ ಮೊಟ್ಟೆಗಳು ಮಂಜುಗಡ್ಡೆಯ ಅಡಿಯಲ್ಲಿ ತೇಲುತ್ತವೆ. ಸೀಲ್‌ಗಳಿಗೂ ಕಡಲ ಹಕ್ಕಿಗಳಿಗೂ ಅದೇ ಮುಖ್ಯ ಊಟ. ಹಿಮ ಕರಗಿದರೆ ಅದಕ್ಕೆ ಓಡಿಹೋಗಲು ಇನ್ನೂ ಉತ್ತರಕ್ಕೆ ಹೆಚ್ಚು ಜಾಗವಿಲ್ಲ.